ಅನಿಮೆ ಮತ್ತು ಪಾಶ್ಚಾತ್ಯ ಅನಿಮೇಷನ್: ಕಥನದ ಸೆಳೆತ
ಜಪಾನಿನ ಅನಿಮೆ ಹಾಗೂ ಪಾಶ್ಚಾತ್ಯ ಅನಿಮೇಷನ್‌ಗಳ ಸೆಳೆತ ಬೇರೆಯಾಗುವುದು ಮುಖ್ಯವಾಗಿ ಕಾಲವನ್ನು ಬಳಸುವ ರೀತಿಯಲ್ಲಿ. ಡಿಸ್ನಿಯ ‘ಸ್ನೋ ವೈಟ್’ (1937) ಚಲನೆಯ ಸೊಬಗಿನಿಂದಲೇ ಪಾತ್ರಗಳಿಗೆ ಜೀವ ತುಂಬಿತು. 1963ರಲ್ಲಿ ಕಿರುತೆರೆಗೆ ಬಂದ ಒಸಾಮು ತೆಜುಕಾರ ‘ಆಸ್ಟ್ರೋ ಬಾಯ್’ಗೆ ಅಷ್ಟು ಹಣವಿರಲಿಲ್ಲ, ಕಡಿಮೆ ಚಿತ್ರಗಳಲ್ಲಿ, ನಿಶ್ಚಲ ದೃಶ್ಯಗಳಲ್ಲಿ ಕಥೆ ಸಾಗಬೇಕಾಯಿತು. ಹೇರಳವಾಗಿ ಚಿತ್ರ ಬಿಡಿಸಬಲ್ಲ ಸ್ಟುಡಿಯೊಗಳಲ್ಲೂ ಈ ನಿಲುಗಡೆಯ ರುಚಿ ಉಳಿದಿದೆ: ಹಯಾವೊ ಮಿಯಾಜಾಕಿಯವರ ‘ಮೈ ನೇಬರ್ ಟೊಟೊರೊ’ದಲ್ಲಿ (1988) ಖಳನೇ ಇಲ್ಲ, ಮಳೆಯಲ್ಲಿ ಬಸ್ಸಿಗೆ ಕಾಯುವ ಮಕ್ಕಳ ಮೌನವೇ ಅದರ ಅತ್ಯುತ್ತಮ ಘಟ್ಟ. ಗಂಭೀರ ವಸ್ತುವೇ ಅನಿಮೆಯ ವೈಶಿಷ್ಟ್ಯ ಎನ್ನುವವರಿದ್ದಾರೆ. ಅದು ಸರಿಯಲ್ಲ, ಡಿಸ್ನಿಯ ‘ಬ್ಯಾಂಬಿ’ (1942) ತಾಯಿಯ ಸಾವನ್ನು ಮಕ್ಕಳ ಮುಂದಿಟ್ಟಿತ್ತು. ಆದರೆ ಆ ಚಿತ್ರ ಬೇಗನೆ ವಸಂತದ ಹಾಡಿಗೆ ಹೊರಳುತ್ತದೆ. ಇಸಾವೊ ತಕಾಹತಾರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988) ದುಃಖದೊಳಗೇ ಉಳಿದು, ನೋಡುಗರನ್ನೂ ಅಲ್ಲೇ ನಿಲ್ಲಿಸುತ್ತದೆ.