ದೀಪ ಜೋಡಿಸಲು ಬಂದು ನಿರ್ದೇಶಕರಾದ ಅಲನ್ ಡ್ವಾನ್

ಹತ್ತು ಹದಿನೈದು ನಿಮಿಷದ ಮೂಕಿ ಚಿತ್ರಗಳಿಂದ ಬಣ್ಣದ ಅಗಲ ಪರದೆಯವರೆಗೆ ಅಮೆರಿಕದ ಸಿನಿಮಾ ಬೆಳೆದ ದಾರಿಯನ್ನು ಒಬ್ಬರೇ ನಿರ್ದೇಶಕರ ಕೆಲಸದಲ್ಲಿ ನೋಡಬೇಕೆಂದರೆ ಅಲನ್ ಡ್ವಾನ್ ಅವರ ಚಿತ್ರಗಳನ್ನು ನೋಡಬೇಕು. 1911ರಿಂದ 1961ರವರೆಗೆ ಅವರು ನಿರ್ದೇಶಿಸಿದ ಚಿತ್ರಗಳು ನಾನೂರರ ಆಸುಪಾಸು. ಆದರೂ ಗ್ರಿಫಿತ್, ಜಾನ್ ಫೋರ್ಡ್ ಅವರಂಥ ನಿರ್ದೇಶಕರಿಗೆ ಸಿಕ್ಕ ಹೆಸರು ಡ್ವಾನ್‌ಗೆ ಸಿಗಲಿಲ್ಲ.

1885ರಲ್ಲಿ ಕೆನಡಾದ ಟೊರೊಂಟೊದಲ್ಲಿ ಹುಟ್ಟಿದ ಡ್ವಾನ್, ಅಮೆರಿಕದ ನೋಟರ್‌ಡೇಮ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಎಂಜಿನಿಯರಿಂಗ್. ಪಾದರಸದ ಆವಿಯ ದೀಪಗಳನ್ನು ಜೋಡಿಸಲು ಶಿಕಾಗೋದ ಎಸ್ಸನೆ ಸ್ಟುಡಿಯೊಗೆ ಹೋದವರು, ತಾವು ಬರೆದಿಟ್ಟಿದ್ದ ಕಥೆಗಳನ್ನು ಅಲ್ಲೇ ಮಾರಿ ಕಥಾ ವಿಭಾಗಕ್ಕೆ ಸೇರಿಕೊಂಡರು. ಬಳಿಕ ಸೇರಿದ್ದು ‘ಫ್ಲೈಯಿಂಗ್ ಎ’ ಎಂದು ಹೆಸರಾಗಿದ್ದ ಕಂಪನಿ. ಕ್ಯಾಲಿಫೋರ್ನಿಯಾದಲ್ಲಿದ್ದ ಅದರ ತಂಡದಿಂದ ಚಿತ್ರಗಳೇ ಬರದಾದಾಗ ವಿಚಾರಿಸಿ ಬರಲು ಡ್ವಾನ್ ಹೋದರು. ನಿರ್ದೇಶಕ ಕುಡಿತಕ್ಕೆ ಬಿದ್ದು ನಾಪತ್ತೆಯಾಗಿದ್ದ. ಡ್ವಾನ್ ತಂತಿ ಕಳಿಸಿದರು. ನೀವೇ ನಿರ್ದೇಶಿಸಿ ಎಂಬ ಉತ್ತರ ಬಂತು.

ಸ್ಯಾನ್ ಡಿಯೇಗೊ ಬಳಿಯ ಲಾ ಮೇಸಾದಲ್ಲಿ ಬೀಡುಬಿಟ್ಟ ಆ ತಂಡ ಒಂದು ರೀಲಿನ ಚಿತ್ರಗಳನ್ನು ವಾರಕ್ಕೆ ಎರಡು ಮೂರರಂತೆ ಮುಗಿಸುತ್ತಿತ್ತು. ಕಣ್ಣಿಗೆ ಬಿದ್ದ ಜಾಗದಿಂದಲೇ ಕಥೆ ಹುಟ್ಟುತ್ತಿತ್ತು. ‘ದಿ ಪಾಯ್ಸನ್ಡ್ ಫ್ಲೂಮ್’ನಲ್ಲಿ ನೀರು ಸಾಗಿಸುವ ಕಾಲುವೆಯೇ ಕಥೆಯ ಜೀವಾಳ. ದನಗಳು ಕುಡಿಯುವ ನೀರಿಗೆ ಖಳನಾಯಕ ವಿಷ ಬೆರೆಸುತ್ತಾನೆ.

ಎಂಜಿನಿಯರ್‌ನ ತಲೆ ಕ್ಯಾಮೆರಾಕ್ಕೂ ಒದಗಿತು. ‘ಡೇವಿಡ್ ಹೇರಮ್’ (1915) ಚಿತ್ರದಲ್ಲಿ ಬೀದಿಯಲ್ಲಿ ನಡೆದು ಬರುವ ನಾಯಕನ ಜೊತೆಗೇ ಸಾಗಲು ಅವರು ಕ್ಯಾಮೆರಾವನ್ನು ಫೋರ್ಡ್ ಕಾರಿನ ಮೇಲೆ ಕೂರಿಸಿದರು.

ಡಗ್ಲಸ್ ಫೇರ್‌ಬ್ಯಾಂಕ್ಸ್ ನಟಿಸಿದ ‘ರಾಬಿನ್ ಹುಡ್’ (1922) ಅವರ ಮೂಕಿ ಕಾಲದ ಶಿಖರ. ಬೃಹತ್ತಾದ ಕೋಟೆಯ ಸೆಟ್ ನೋಡಿ, ಇದರ ಮುಂದೆ ತಾನು ಕಾಣುವುದೇ ಇಲ್ಲವೆಂದು ಫೇರ್‌ಬ್ಯಾಂಕ್ಸ್ ಅಧೀರರಾದರು. ಎತ್ತರದಿಂದ ಇಳಿಬಿದ್ದ ಭಾರೀ ಪರದೆಯ ಮರೆಯಲ್ಲಿ ಮಕ್ಕಳ ಜಾರುಬಂಡೆಯಂಥದ್ದನ್ನು ಅಡಗಿಸಿದ್ದ ಡ್ವಾನ್, ಮೇಲಿನಿಂದ ತಾವೇ ಸರ್ರನೆ ಜಾರಿ ತೋರಿಸಿದರು. ಫೇರ್‌ಬ್ಯಾಂಕ್ಸ್‌ಗೆ ಉತ್ಸಾಹ ಮರಳಿತು. ಶತ್ರುಗಳಿಂದ ತಪ್ಪಿಸಿಕೊಂಡು ಪರದೆಯುದ್ದಕ್ಕೂ ಜಾರುವ ಆ ದೃಶ್ಯ ಇಂದಿಗೂ ಮೈ ನವಿರೇಳಿಸುತ್ತದೆ.

ಭವ್ಯತೆಯೊಂದೇ ಅವರಿಗೆ ಒಲಿದಿದ್ದಲ್ಲ. ‘ಮ್ಯಾನ್‌ಹ್ಯಾಂಡಲ್ಡ್’ (1924) ಚಿತ್ರದಲ್ಲಿ ಗ್ಲೋರಿಯಾ ಸ್ವಾನ್‌ಸನ್ ನ್ಯೂಯಾರ್ಕ್‌ನ ಸುರಂಗ ರೈಲಿನ ನೂಕುನುಗ್ಗಲಲ್ಲಿ ನಜ್ಜುಗುಜ್ಜಾಗುವ ಅಂಗಡಿ ಹುಡುಗಿ. ದಣಿವು, ನಗು ಎರಡನ್ನೂ ಒಂದೇ ದೃಶ್ಯದಲ್ಲಿ ಹಿಡಿದ ಕುಶಲತೆ ಅದು.

ವಾಕಿ ಚಿತ್ರಗಳು ಬಂದು ಹಲವರ ವೃತ್ತಿಬದುಕು ಮುಗಿಸಿದಾಗಲೂ ಡ್ವಾನ್ ನಿಲ್ಲಲಿಲ್ಲ. ಬಾಲನಟಿ ಶರ್ಲಿ ಟೆಂಪಲ್ ಜೊತೆ ‘ಹೈಡಿ’ (1937) ಮಾಡಿದರು. ‘ಸ್ಯಾಂಡ್ಸ್ ಆಫ್ ಐವೊ ಜಿಮಾ’ (1949) ಜಾನ್ ವೇಯ್ನ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ತಂದಿತು.

ಎಪ್ಪತ್ತು ಸಮೀಪಿಸಿದಾಗ ಅವರ ಕೈಗೆ ಸಿಗುತ್ತಿದ್ದದ್ದು ಸಣ್ಣ ಬಂಡವಾಳದ ಚಿತ್ರಗಳು. ‘ಸಿಲ್ವರ್ ಲೋಡ್’ (1954) ಅಂಥದ್ದೇ. ಮದುವೆಯ ದಿನ ಒಬ್ಬನ ಮೇಲೆ ಕೊಲೆಯ ಆರೋಪ ಹೊರಿಸಲಾಗುತ್ತದೆ. ಸಂಜೆಯೊಳಗೆ ಊರಿಗೆ ಊರೇ ಅವನ ಬೆನ್ನು ಹತ್ತುತ್ತದೆ. ಖಳನ ಹೆಸರು ಮೆಕಾರ್ಟಿ. ಸೆನೆಟರ್ ಮೆಕಾರ್ಥಿ ಎಲ್ಲೆಡೆ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಕಾಲದಲ್ಲಿ ಆ ಹೆಸರಿಡಲು ಎದೆಗಾರಿಕೆ ಬೇಕಿತ್ತು. ಹಬ್ಬದ ತೋರಣ ಕಟ್ಟಿದ ಬೀದಿಯಲ್ಲಿ ನಾಯಕ ಪ್ರಾಣಭಯದಿಂದ ಓಡುವಾಗ ಜಾನ್ ಆಲ್ಟನ್ ಅವರ ಕ್ಯಾಮೆರಾ ಅವನ ಪಕ್ಕದಲ್ಲೇ ಎಡೆಬಿಡದೆ ಸಾಗುತ್ತದೆ.

ಡ್ವಾನ್ 1981ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹತ್ತು ವರ್ಷ ಮೊದಲು ಪೀಟರ್ ಬೊಗ್ಡಾನೊವಿಚ್ ನಡೆಸಿದ ಡ್ವಾನ್ ಸಂದರ್ಶನ ಪುಸ್ತಕವಾಗಿ ಬಂದಿತ್ತು. ಮೂಕಿ ಕಾಲದ ಅವರ ಬಹುಪಾಲು ಚಿತ್ರಗಳು ಇಂದು ಉಳಿದಿಲ್ಲ. ‘ದಿ ಪಾಯ್ಸನ್ಡ್ ಫ್ಲೂಮ್’ ಉಳಿದಿದೆ. ಅದನ್ನೂ ‘ಸಿಲ್ವರ್ ಲೋಡ್’ ಅನ್ನೂ ಒಂದರ ಹಿಂದೆ ಒಂದು ನೋಡಿದರೆ, ನಾಲ್ಕು ದಶಕಗಳಲ್ಲಿ ಈ ಕಸುಬು ಎಷ್ಟು ಬೆಳೆಯಿತು, ಅದರಲ್ಲಿ ಡ್ವಾನ್ ಪಾಲೆಷ್ಟು ಎಂಬುದು ಎದ್ದು ಕಾಣುತ್ತದೆ.