ಗಂಟುರೋಗದ ಅಣುಜೀವಿಯ ಕುಲನಿರ್ಣಯ

ತಾರ್ಕಿಕರು ಅಭಾವವನ್ನು ವಿಭಾಗಿಸುವಾಗ, ವಸ್ತುವು ಹುಟ್ಟುವುದಕ್ಕೆ ಮೊದಲಿನ ಇಲ್ಲದಿರುವಿಕೆಯನ್ನು ಪ್ರಾಗಭಾವವೆಂದೂ, ಹುಟ್ಟಿ ಅಳಿದ ಮೇಲಿನದನ್ನು ಪ್ರಧ್ವಂಸಾಭಾವವೆಂದೂ ಹೇಳುತ್ತಾರೆ. ನೋಡುವವನಿಗೆ ಎರಡೂ ಒಂದೇ ವಿಧವಾಗಿ ತೋರುವುವು. ಈ ಭೇದವು ಗೋಚರಿಸದಿದ್ದುದರಿಂದ ರೇಷ್ಮೆಹುಳುವಿನ ಒಂದು ರೋಗಾಣುವಿನ ಕುಲವು ಕೆಲವು ಕಾಲ ಅನ್ಯಥಾ ನಿರ್ಣೀತವಾಗಿದ್ದಿತು.

ಆ ರೋಗವು ಪೆಬ್ರಿನ್. ಕನ್ನಡನಾಡಿನ ರೇಷ್ಮೆಯ ಕಸುಬಿನವರ ಮಾತಿನಲ್ಲಿ ಗಂಟುರೋಗ. ಹುಳುವಿನ ಮೈಮೇಲೆ ಮೆಣಸಿನ ಪುಡಿಯಂತಹ ಕಪ್ಪು ಚುಕ್ಕೆಗಳೇಳುವುದರಿಂದ ದಕ್ಷಿಣ ಫ್ರಾನ್ಸಿನ ಭಾಷೆಯ ಮೆಣಸೆಂಬರ್ಥದ ಪದದಿಂದ ಈ ಹೆಸರು ಬಂದಿತು. 1853ರಲ್ಲಿ ಸುಮಾರು 2 ಕೋಟಿ 60 ಲಕ್ಷ ಕಿಲೋಗ್ರಾಂ ಇದ್ದ ಫ್ರಾನ್ಸಿನ ಗೂಡಿನ ಉತ್ಪತ್ತಿಯು 1865ರ ವೇಳೆಗೆ ಸುಮಾರು 40 ಲಕ್ಷಕ್ಕೆ ಇಳಿಯಿತು. ಆ ವರ್ಷವೇ ಪಾಸ್ತರನು ಅಲೆಸ್ ಪಟ್ಟಣಕ್ಕೆ ಹೋಗಿ ರೋಗವನ್ನು ಪರಿಶೀಲಿಸತೊಡಗಿದನು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಕಣಗಳು ಕಂಡರೆ ಆ ಮೊಟ್ಟೆಗಳನ್ನು ತ್ಯಜಿಸುವ ವಿಧಾನವನ್ನು ಅವನು ನೆಲೆಗೊಳಿಸಿದನು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆಯು ನಡೆಯುತ್ತಿದೆ.

ಆ ಕಣಕ್ಕೆ 1857ರಲ್ಲಿಯೇ ನ್ಯಾಗೆಲಿಯೆಂಬ ಸಸ್ಯಶಾಸ್ತ್ರಜ್ಞನು ನೊಸೀಮಾ ಬಾಂಬಿಸಿಸ್ ಎಂದು ಹೆಸರಿಟ್ಟು, ಅದನ್ನು ಸೀಳಿ ವೃದ್ಧಿಯಾಗುವ ಶಿಲೀಂಧ್ರಗಳ ವರ್ಗಕ್ಕೆ ಸೇರಿಸಿದ್ದನು. 1882ರಲ್ಲಿ ಬಾಲ್ಬಿಯಾನಿಯು ಅದನ್ನು ಅಲ್ಲಿಂದ ಬೇರ್ಪಡಿಸಿ ಮೈಕ್ರೊಸ್ಪೊರಿಡಿಯಾ ಎಂಬ ಗುಂಪನ್ನು ಕಲ್ಪಿಸಿದನು. ಅಲ್ಲಿಂದ ಮುಂದೆ ಬಹುಕಾಲ ಅವು ಏಕಕೋಶ ಪ್ರಾಣಿಗಳೆಂದೇ ಎಣಿಸಲ್ಪಟ್ಟವು.

ಉಸಿರಾಟದ ಕಾರ್ಯವನ್ನು ನಡೆಯಿಸುವ ಮೈಟೊಕಾಂಡ್ರಿಯಾ ಎಂಬ ಅಂಗವು ಈ ಜೀವಿಗಳ ಕೋಶದಲ್ಲಿ ಕಾಣಬರಲಿಲ್ಲ. ಆದುದರಿಂದ 1983ರಲ್ಲಿ ಕ್ಯಾವಲಿಯರ್-ಸ್ಮಿತ್ ಎಂಬ ವಿದ್ವಾಂಸನು, ಆ ಅಂಗವು ಜೀವಕುಲಕ್ಕೆ ದೊರೆಯುವ ಮುನ್ನವೇ ಕವಲೊಡೆದ ಆದಿಮ ಜೀವಿಗಳಿವು ಎಂಬ ವಾದವನ್ನು ಮಂಡಿಸಿದನು. ಪತಂಗದ ಹುಳುಗಳನ್ನು ಬಾಧಿಸುವ ವೈರಿಮಾರ್ಫಾ ಎಂಬ ಸಜಾತೀಯ ಜೀವಿಯ ರೈಬೊಸೋಮಿನ ಆರ್‌ಎನ್‌ಎಯನ್ನು 1987ರಲ್ಲಿ ಪರೀಕ್ಷಿಸಿದಾಗಲೂ ಅದು ವಂಶವೃಕ್ಷದ ಬುಡದಲ್ಲಿಯೇ ನಿಂತಿತು. ಅಂಗರಚನೆ, ಅಕ್ಷರಸಾಕ್ಷ್ಯ ಎರಡೂ ಪ್ರಾಗಭಾವವನ್ನೇ ಹೇಳುವಂತಿದ್ದವು.

ಆದರೆ 1996ರಲ್ಲಿ ಟ್ಯುಬುಲಿನ್ ಎಂಬ ಪ್ರೋಟೀನಿನ ಜೀನುಗಳನ್ನು ಹೋಲಿಸಿದವರಿಗೆ ಶಿಲೀಂಧ್ರಗಳ ನೆಂಟಸ್ತನವು ಗೋಚರಿಸಿತು. ಮರುವರ್ಷ, ಮೈಟೊಕಾಂಡ್ರಿಯಾದಿಂದಲ್ಲದೆ ಬೇರೆಡೆಯಿಂದ ಬರಲಾರದ ಒಂದು ಜೀನು ವೈರಿಮಾರ್ಫಾದಲ್ಲಿಯೂ, ಮಿಡತೆಯನ್ನು ಕೊಲ್ಲುವ ನೊಸೀಮಾ ಲೊಕಸ್ಟೆಯಲ್ಲಿಯೂ ದೊರೆಯಿತು. 2002ರಲ್ಲಿ, ಮನುಷ್ಯನಿಗೆ ತಗಲುವ ಅದೇ ಗುಂಪಿನ ಜೀವಿಯೊಂದರಲ್ಲಿ ಕುಗ್ಗಿಹೋದ ಆ ಅಂಗವೇ ಕಣ್ಣಿಗೆ ಬಿದ್ದಿತು. ಹಾಗಾಗಿ ಅದು ಪ್ರಾಗಭಾವವಲ್ಲ. ಪೂರ್ಣ ಪ್ರಧ್ವಂಸವೂ ಅಲ್ಲ, ಕ್ಷಯ.

ಪರರ ಕೋಶದೊಳಗೆಯೇ ಬಾಳುವ ಪರಾವಲಂಬಿಗೆ ತನ್ನ ಸ್ವತ್ತು ಬೇಡವಾಗುತ್ತದೆ. ರೊಟ್ಟಿಯ ಯೀಸ್ಟಿನಲ್ಲಿ ಸುಮಾರು 6000 ಜೀನುಗಳಿದ್ದರೆ, 2001ರಲ್ಲಿ ಸಂಪೂರ್ಣವಾಗಿ ಓದಲ್ಪಟ್ಟ ಎನ್‌ಸೆಫಲಿಟೊಜೂನ್ ಎಂಬ ಮೈಕ್ರೊಸ್ಪೊರಿಡಿಯದಲ್ಲಿರುವುವು ಸುಮಾರು 2000 ಮಾತ್ರ. ಉಳಿದ ಜೀನುಗಳೂ ಅತಿವೇಗದಿಂದ ಮಾರ್ಪಟ್ಟಿರುವುದರಿಂದ, ವೇಗವೇ ಪ್ರಾಚೀನತೆಯಂತೆ ತೋರಿ 1987ರ ಭ್ರಮೆಯನ್ನುಂಟುಮಾಡಿತು. ಇವು ಶಿಲೀಂಧ್ರಗಳೊಳಗಿನ ಶಾಖೆಯೋ, ಅವುಗಳಿಗೆ ಸೋದರಕುಲವೋ ಎಂಬ ಚರ್ಚೆ ಮುಗಿದಿಲ್ಲ. ಸಾಮೀಪ್ಯದಲ್ಲಿ ಮಾತ್ರ ವಿವಾದವಿಲ್ಲ.

ಇದರಿಂದ ನ್ಯಾಗೆಲಿಯೇ ಗೆದ್ದನೆನ್ನುವುದು ಸಲ್ಲದು. ಅವನು ಹೇಳಿದ ಶಿಲೀಂಧ್ರವರ್ಗದಲ್ಲಿ ಬ್ಯಾಕ್ಟೀರಿಯಗಳೂ ಅಡಗಿದ್ದವು. ಶಬ್ದವು ಕೂಡಿತೇ ಹೊರತು ಅರ್ಥವು ಕೂಡಲಿಲ್ಲ. ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಬಸ್ಸಿಯು 1835ರಲ್ಲಿ ಪ್ರಕಟಿಸಿದ್ದನು. ಅದೇ ಹುಳುವನ್ನು ಕೊಲ್ಲುವ ಈ ಎರಡು ರೋಗಾಣುಗಳು ದೂರದ ದಾಯಾದಿಗಳೆಂದು ತಿಳಿಯಲು ನೂರೈವತ್ತು ವರ್ಷಗಳಿಗೂ ಮೀರಿ ಕಾಲ ಹಿಡಿಯಿತು.

ಓಲೆಯ ಪ್ರತಿಯೊಂದರಲ್ಲಿ ಪದ್ಯಗಳು ಕಡಮೆಯಿದ್ದ ಮಾತ್ರಕ್ಕೆ ಅದು ಮೂಲಕ್ಕೆ ಹತ್ತಿರವೆಂದು ವಿದ್ವಾಂಸರು ಒಪ್ಪುವುದಿಲ್ಲ. ಗರಿಗಳು ಉದುರಿವೆಯೇ ಎಂದು ಮೊದಲು ನೋಡುತ್ತಾರೆ. ಮುರಿದ ಕಥಾಸಂಬಂಧವೋ ತಪ್ಪಿದ ಪದ್ಯಸಂಖ್ಯೆಯೋ ಕಳೆದುದನ್ನು ಸೂಚಿಸುವಂತೆ, ಅಣುಜೀವಿಯಲ್ಲಿ ಉಳಿದ ಒಂದು ಜೀನು ಅದರ ಪೂರ್ವಸಂಪತ್ತನ್ನು ಸೂಚಿಸಿತು. ಕೊರತೆಯಿಂದ ಪ್ರಾಚೀನತೆಯನ್ನು ಸಾಧಿಸುವವರು ಅಂತಹ ಶೇಷಗಳನ್ನು ಮೊದಲು ಶೋಧಿಸತಕ್ಕದ್ದು.