ಡಾ. ಕೋಟ್ನಿಸ್ ಮತ್ತು ಯುದ್ಧಭೂಮಿಯ ಆಸ್ಪತ್ರೆ

ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ (1910–1942): ಚೀನಾ-ಜಪಾನ್ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ವೈದ್ಯ. ಹುಟ್ಟೂರು ಸೊಲ್ಲಾಪುರ, ಅಥಣಿಯ ಈಶಾನ್ಯಕ್ಕಿರುವ, ಕನ್ನಡದ ಮಾತು ಇಂದಿಗೂ ಕೇಳುವ ಗಡಿನಾಡು. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಇವರೂ ಒಬ್ಬರು.

ಅಲ್ಲಿ ಅವರು ಸೇರಿದ್ದು ಚೀನೀ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆಯನ್ನು. ಅದರ ಆಸ್ಪತ್ರೆ ಒಂದೆಡೆ ನೆಲೆನಿಂತ ಕಟ್ಟಡವಲ್ಲ. ಕಾಳಗ ಸರಿದತ್ತ ಅದೂ ಸರಿಯುತ್ತಿತ್ತು. ರೈತರ ಮನೆ, ಹಳೆಯ ಗುಡಿಗಳೇ ಶಸ್ತ್ರಚಿಕಿತ್ಸೆಯ ಕೋಣೆಗಳಾಗುತ್ತಿದ್ದವು. ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್ ಉಪಕರಣ, ಔಷಧ, ಪಟ್ಟಿಗಳನ್ನೆಲ್ಲ ಹೇಸರಗತ್ತೆಯ ಬೆನ್ನಿಗೇರಿಸುವ ವ್ಯವಸ್ಥೆ ರೂಪಿಸಿದ್ದರು. 1939ರ ನವೆಂಬರಿನಲ್ಲಿ ಅವರು ತೀರಿಕೊಂಡದ್ದು ರಕ್ತ ನಂಜಾಗಿ. 1941ರಲ್ಲಿ, ಅವರ ಹೆಸರಿನ ಆಸ್ಪತ್ರೆಯ ಹೊಣೆ ಕೋಟ್ನಿಸರ ಹೆಗಲೇರಿತು. ಚೀನೀ ಭಾಷೆ ಕಲಿತು, ಆ ಭಾಷೆಯಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಅದೇ ವರ್ಷ ದಾದಿ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮಗುವಿನ ಹೆಸರು ಯಿನ್‌ಹುವಾ.

ಅವರ ಸಾವು 1942ರ ಡಿಸೆಂಬರ್ 9ರಂದು, ಅಪಸ್ಮಾರದಿಂದ. ವಯಸ್ಸು ಬರೀ ಮೂವತ್ತೆರಡು.

ನಿಪ್ಪಾಣಿಗೆ ನೆರೆಯಾದ ಕೊಲ್ಹಾಪುರದಲ್ಲಿ ಹುಟ್ಟಿದ ವಿ. ಶಾಂತಾರಾಮ್ 1946ರಲ್ಲಿ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ಸಿನಿಮಾ ತೆಗೆದರು. ಖ್ವಾಜಾ ಅಹಮದ್ ಅಬ್ಬಾಸರ ಪುಸ್ತಕ ಅದರ ಮೂಲ. ನಾಯಕನ ಪಾತ್ರ ಸ್ವತಃ ಶಾಂತಾರಾಮರದು, ನಾಯಕಿ ಜಯಶ್ರೀ. ತೆರೆಯ ಮೇಲೆ ನಾಯಕ ಪ್ಲೇಗಿಗೆ ಔಷಧ ಹುಡುಕುತ್ತಾ ಅದೇ ರೋಗಕ್ಕೆ ತುತ್ತಾಗುತ್ತಾನೆ. ಪ್ಲೇಗಿನ ಹೊಡೆತ ಕಂಡಿದ್ದ ಅಂದಿನ ಪ್ರೇಕ್ಷಕರಿಗೆ ಅದು ನೇರವಾಗಿ ನಾಟುವಂಥದ್ದು. ಆದರೆ ಫಿಟ್ಸ್ ಬರುತ್ತಿದ್ದರೂ ಕೆಲಸ ಬಿಡದ ನಿಜದ ಕೋಟ್ನಿಸರೇ ದೊಡ್ಡವರು. ಅವರ ಬದುಕಿಗೆ ಸಿನಿಮಾದ ಪ್ಲೇಗ್ ಬೇಕಿರಲಿಲ್ಲ. ಅವರ ಸಮಾಧಿ ಚೀನಾದ ಷಿಜಿಯಾಜ್ವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿದೆ.